ಗುಂಡಿನ ಅಳತೆ

ನಾವು ಈಚೆಗೆ ಕಿತ್ತೂರಿನ ಹಾಳುಕೋಟೆಯನ್ನು ಮತ್ತೊಮ್ಮೆ ನೋಡಲು ಹೋಗಿದ್ದಾಗ ಬೈಲಹೊಂಗಲದ ಕಡೆಯ ಹತ್ತಿಯ ವರ್ತಕರೊಬ್ಬರು ನಮ್ಮೊಡನೆ ಬಂದಿದ್ದರು. ವಯಸ್ಸು ಐವತ್ತನ್ನು ದಾಟಿದವರು, ಮಿತಭಾಷಿಗಳು. ಕೋಟೆಯನ್ನೂ, ಅದರೊಳಗಣ ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ಆಯುಧಗಳನ್ನೂ ನೋಡಿಕೊಂಡು ಹೊರಗೆ ಬಂದು ಬೇವಿನ ಮರದ ನೆರಳಿನಲ್ಲಿ ಕುಳಿತಾಗ ಅವರು ತಮ್ಮ ಮನಸ್ಸಿನಲ್ಲಿದ್ದ ಮಾತನ್ನು ಹೊರಗೆ ಹಾಕಿದರು. ಸುಗ್ಗಿಯ ಕಾಲದಲ್ಲಿ ಹಣದ ಚೀಲದೊಡನೆ ರಾತ್ರಿಯ ಹೊತ್ತು ಊರಿಗೆ ಹೋಗಬೇಕಾಗುವುದೆಂದೂ, ಒಂದು ಕೈಕೋವಿಯನ್ನು ಇಟ್ಟುಕೊಳ್ಳಲು ಸರಕಾರದ ಪರವಾನೆ ದೊರೆತಿದೆಯೆಂದೂ ತಿಳಿಸಿ, “ನೀವು ಇತಿಹಾಸ ಓದಿದವರದೀರಿ. ಪಾಯಿಂಟ್ ಟೂಟೂ ತೊಗೊಳ್ಳೋದೋ, ಪಾಯಿಂಟ್ ಥರ್ಟಿಟೂ ತೊಗೊಳ್ಳೋದೋ? ನನ್ನ ಜೀವಮಾನದಾಗ ಇದ ಮೊದಲನೇದ್ರಿ. ನೀವ ಹೇಳ್ರಿ” ಎಂದರು.

ಕೋವಿಯ ಅಂಗಡಿಯವನಾಗಿದ್ದರೆ ಒಂದು ಮಾತಿನಲ್ಲಿ ಉತ್ತರ ಹೇಳಿಬಿಡುತ್ತಿದ್ದನು. ನಮಗೆ ಹಾಗೆ ಹೇಳುವುದು ಸಾಧ್ಯವಾಗಲಿಲ್ಲ. ಪ್ರಶ್ನೆ ಹುಟ್ಟಿದ ಸ್ಥಳವೇ ನಮ್ಮನ್ನು ತಡೆಯಿತು. ಯಾವ ನಳಿಗೆಯ ಬಾಯಿ ಎಷ್ಟು ಅಗಲವಾಗಿರಬೇಕು, ಅದಕ್ಕೆ ಗುಂಡು ಎಲ್ಲಿಂದ ಬರಬೇಕು, ಅದನ್ನು ಯಾರು ಇಟ್ಟುಕೊಳ್ಳಬಹುದು, ಯಾರು ಇಟ್ಟುಕೊಳ್ಳಕೂಡದು ಎಂಬ ಪ್ರಶ್ನೆಗಳು ಈ ಸೀಮೆಯಲ್ಲಿ ಹಿಂದೆ ರಕ್ತವನ್ನು ಹರಿಸಿದವು. ಆ ದಿನ ವರ್ತಕರಿಗೆ ನಾವು ಹೇಳಿದುದನ್ನೂ, ಹೇಳಬೇಕೆಂದಿದ್ದು ಮರೆತುದನ್ನೂ ಸೇರಿಸಿ ಈ ಭಾಷಣದಲ್ಲಿ ಕೇಳುಗರ ಮುಂದಿಡುತ್ತೇವೆ.

1824ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ಗಂಡುಸಂತಾನವಿಲ್ಲದೆ ತೀರಿಕೊಂಡನು. ದತ್ತಕವನ್ನು ಕುಂಪಣಿ ಸರಕಾರದವರು ಒಪ್ಪಲಿಲ್ಲ. ಧಾರವಾಡದ ಕಲೆಕ್ಟರನಾಗಿದ್ದ ಸೇಂಟ್ ಜಾನ್ ಥ್ಯಾಕರೆ ಕಿತ್ತೂರಿಗೆ ಬಂದು ಭಂಡಾರಕ್ಕೆ ಮುದ್ರೆ ಹಾಕಿಸಿದನು. ಈತನು ಆಂಗ್ಲ ಕಾದಂಬರಿಕಾರನಾದ ಥ್ಯಾಕರೆಯ ಚಿಕ್ಕಪ್ಪನೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಅಕ್ಟೋಬರ್ 23ರಂದು ಮುಚ್ಚಿದ್ದ ಕೋಟೆಯ ಬಾಗಿಲು ತೆರೆಯಿತು. ಒಳಗಿದ್ದವರು ಹೊರಕ್ಕೆ ನುಗ್ಗಿದರು. ಥ್ಯಾಕರೆ ಸತ್ತನು, ಮದರಾಸಿನ ಕುದುರೆ ಫಿರಂಗಿಪಡೆಯ ಅಧಿಕಾರಿಗಳೂ ಸತ್ತರು. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಸೆರೆಸಿಕ್ಕಿದರು. ಈ ವಾಲ್ಟರ್ ಎಲಿಯಟನೇ ಮುಂದೆ ದಕ್ಷಿಣದೇಶದ ನಾಣ್ಯಗಳನ್ನೂ ಶಾಸನಗಳನ್ನೂ ಸಂಗ್ರಹಿಸಿ ನಮ್ಮ ಚರಿತ್ರೆಗೆ ಉಪಕಾರ ಮಾಡಿದವನು. ರಾಣಿ ಚೆನ್ನಮ್ಮನ ಸೆರೆಯಲ್ಲಿ ಅವನ ಪ್ರಾಣಕ್ಕೆ ಅಪಾಯವಾಗದೆ ಹೋದುದು ನಮ್ಮೆಲ್ಲರ ಭಾಗ್ಯವೆಂದೇ ಹೇಳಬೇಕು.

ಥ್ಯಾಕರೆಯನ್ನು ಹೊಡೆದ ಗುಂಡು ಅಮಟೂರು ಬಾಳಪ್ಪನದೆಂಬುದು ಈ ನಾಡಿನ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿರುವ ಮಾತು. ಅಮಟೂರು ಬೈಲಹೊಂಗಲದ ಸೀಮೆಯಲ್ಲಿಯೇ ಇದೆ. ನಮ್ಮ ವರ್ತಕರು ಅಮಟೂರಿನ ಹೆಸರು ಬಂದೊಡನೆ ನೆಟ್ಟಗೆ ಕುಳಿತುಕೊಂಡರು. ಆದರೆ ಆ ದಿನದ ಕೋವಿ ಎಂತಹುದು, ಅದರ ಗುಂಡು ಎಂತಹುದು ಎಂದು ಅವರೂ ಎಂದೂ ಯೋಚಿಸಿರಲಿಲ್ಲ.

ಆ ಕಾಲದಲ್ಲಿ ನಮ್ಮ ಪಾಳೆಯಗಾರರ, ದೇಸಾಯರ ಭಂಟರಲ್ಲಿ ಹೆಚ್ಚಾಗಿ ಇದ್ದುದು ಬತ್ತಿಯ ಕೋವಿ. ಉರಿಯುವ ಬತ್ತಿಯನ್ನು ಕೀಲಿಗೆ ಸಿಕ್ಕಿಸಿ, ಕುದುರೆಯನ್ನು ಎಳೆದಾಗ ಅದು ಕಿವಿಯ ಮದ್ದಿಗೆ ತಗಲಿ ಹೊತ್ತುವಂತೆ ಮಾಡಿದ ಸಾಧನವದು. ಊರ ಕಮ್ಮಾರನು ಅದನ್ನು ಮಾಡಬಲ್ಲನು, ಕೆಟ್ಟರೆ ಸರಿಪಡಿಸಬಲ್ಲನು. ಮದ್ದಿಗೆ ಬೇಕಾದ ಪೆಟ್ಲುಪ್ಪು, ಗಂಧಕ, ಇದ್ದಲುಗಳು ಸಂತೆಯಲ್ಲಿ ದೊರೆಯುತ್ತಿದ್ದವು. ಗುಂಡನ್ನೋ, ಪ್ರತಿಯೊಬ್ಬನೂ ತನ್ನ ಕೋವಿಗೆ ತಕ್ಕ ಅಚ್ಚನ್ನು ಇಟ್ಟುಕೊಂಡು ಸೀಸವನ್ನು ಕರಗಿಸಿ ಎರಕ ಹೊಯ್ದುಕೊಳ್ಳುತ್ತಿದ್ದನು. ಅವನ ಕೋವಿಯ ಬಾಯಿ ಎಷ್ಟು ಅಗಲವಿರಬೇಕೆಂದು ಯಾವ ಸರಕಾರವೂ ಹೇಳುತ್ತಿರಲಿಲ್ಲ. ಕಮ್ಮಾರನ ಕೈಗೆ ಬಂದ ಅಳತೆಯೇ ಅಳತೆ.

ಇದರಲ್ಲಿ ಒಂದು ಸ್ವಾತಂತ್ರ್ಯ ಉಂಟು. ಒಂದು ದೊಡ್ಡ ಕುಂದೂ ಉಂಟು. ಕಾಳಗದ ನಡುವೆ ಒಬ್ಬನ ಚೀಲ ಬರಿದಾದರೆ ಪಕ್ಕದವನ ಗುಂಡು ಇವನ ನಳಿಗೆಗೆ ಹೊಂದುವುದಿಲ್ಲ. ದೊಡ್ಡದಾದರೆ ಇಳಿಯದು, ಚಿಕ್ಕದಾದರೆ ಹೊಗೆಯೆಲ್ಲ ಪಕ್ಕದಿಂದ ಹೊರಟು ಬಲವಿಲ್ಲದೆ ಬೀಳುವುದು. ಕುಂಪಣಿಯ ಸಿಪಾಯಿಯ ಚಕಮಕಿ ಬಂದೂಕು ಹಾಗಲ್ಲ. ಅದರ ನಳಿಗೆಯ ಬಾಯಿ ಮುಕ್ಕಾಲು ಅಂಗುಲ. ಮದರಾಸಿನ ಪಡೆಯಲ್ಲಿಯೂ ಮುಂಬಯಿಯ ಪಡೆಯಲ್ಲಿಯೂ ಅದೇ ಮುಕ್ಕಾಲು ಅಂಗುಲ. ಕಾಗದದಲ್ಲಿ ಸುತ್ತಿದ ಮದ್ದುಗುಂಡಿನ ಕಾಡತೂಸು ಗಾಡಿಗಳಲ್ಲಿ ತುಂಬಿಬಂದರೆ ಎಲ್ಲರ ಕೋವಿಗೂ ಸಲ್ಲುವುದು. ಡಿಸೆಂಬರ್ ತಿಂಗಳಲ್ಲಿ ದೊಡ್ಡ ಸೈನ್ಯವನ್ನು ಕೂಡಿಸಿಕೊಂಡು ಕುಂಪಣಿಯವರು ಹಿಂದಿರುಗಿ, ಐದನೆಯ ತಾರೀಖಿನ ಹೊತ್ತಿಗೆ ಕಿತ್ತೂರನ್ನು ಹಿಡಿದರು. ಕೋಟೆ ಬಿದ್ದುದಕ್ಕೆ ಫಿರಂಗಿಗಳೇ ಮುಖ್ಯ ಕಾರಣವೆಂಬುದು ನಿಜ. ಆದರೂ ಒಂದೇ ಅಳತೆಯ ಗುಂಡು ಎಷ್ಟು ದೊಡ್ಡ ಆಯುಧವೆಂಬುದನ್ನು ಚರಿತ್ರಕಾರರು ಸಾಕಷ್ಟು ಎತ್ತಿ ಹೇಳಿಲ್ಲವೆಂದು ನಮಗೆ ತೋರುತ್ತದೆ.

ಈಗ ಅಳತೆಯ ಮಾತು. ಆಂಗ್ಲರಲ್ಲಿ ಹಿಂದೆ ನಳಿಗೆಯನ್ನು ಅಂಗುಲದಿಂದ ಹೇಳುವುದಕ್ಕಿಂತ ಗುಂಡಿನ ತೂಕದಿಂದ ಹೇಳುವುದೇ ವಾಡಿಕೆಯಾಗಿದ್ದಿತು. ಒಂದು ಪೌಂಡು ಸೀಸದಿಂದ ನಳಿಗೆಗೆ ಸರಿಯಾಗಿ ಕೂಡುವ ಹನ್ನೆರಡು ಗುಂಡುಗಳಾದರೆ ಅದು ಹನ್ನೆರಡರ ಬೋರು. ನಮ್ಮ ರೈತರು ಹಂದಿಯನ್ನು ಓಡಿಸಲು ಇಟ್ಟುಕೊಳ್ಳುವ ಜೋಡುನಳಿಗೆಯ ಕೋವಿಗೆ ಇಂದಿಗೂ ಇದೇ ಹೆಸರು ನಿಂತಿದೆ. ಸಂಖ್ಯೆ ದೊಡ್ಡದಾದಷ್ಟೂ ಗುಂಡು ಚಿಕ್ಕದು. ಇದು ಹೊಸಬರನ್ನು ಬಹಳವಾಗಿ ತಬ್ಬಿಬ್ಬುಗೊಳಿಸುವ ಲೆಕ್ಕ. ವರ್ತಕರಿಗೆ ತೊಲದ ಲೆಕ್ಕದಲ್ಲಿ ಹೇಳಿದೆವು, ಒಡನೆ ತಿಳಿಯಿತು. ಕುಂಪಣಿಯ ಸಿಪಾಯಿಯ ಬಂದೂಕಿನ ಗುಂಡು ಸುಮಾರು ಎರಡು ಮುಕ್ಕಾಲು ತೊಲ. ಅಷ್ಟು ಸೀಸ ಮೈಗೆ ತಗುಲಿದರೆ ಆಮೇಲೆ ವೈದ್ಯನಿಗೆ ಕೆಲಸ ಅಷ್ಟಾಗಿ ಇರುತ್ತಿರಲಿಲ್ಲ.

ಕೈಕೋವಿ, ಎಂದರೆ ಪಿಸ್ತೂಲು, ಬತ್ತಿಯ ಕಾಲದಲ್ಲಿ ಬೆಳೆಯಲಾರದೆ ಹೋಯಿತು. ಕಾರಣ ಸುಲಭವಾಗಿದೆ: ಉರಿಯುತ್ತಿರುವ ಬತ್ತಿಯನ್ನು ನಡುಪಟ್ಟಿಯಲ್ಲಿ ಸಿಕ್ಕಿಸಿಕೊಂಡು ಕುದುರೆಯ ಮೇಲೆ ಹೋಗುವವನು ಶತ್ರುವಿಗಿಂತ ಮೊದಲು ತನ್ನನ್ನೇ ಸುಟ್ಟುಕೊಂಡಾನು. ಚಕಮಕಿಕಲ್ಲಿನ ಕೀಲು ಬಂದ ಮೇಲೆ ಪಿಸ್ತೂಲು ಸಾರ್ಥಕವಾಯಿತು. ನಮ್ಮ ಕಡೆ ಶ್ರೀರಂಗಪಟ್ಟಣದಲ್ಲಿ ಟೀಪುವಿನ ಕಾರಖಾನೆಗಳು ಚಕಮಕಿಯ ಕೋವಿಗಳನ್ನೂ ಪಿಸ್ತೂಲುಗಳನ್ನೂ ಮಾಡುತ್ತಿದ್ದವು. ಆ ಕೆಲಸದ ಸೊಗಸನ್ನು ಯೂರೋಪಿನವರೂ ಮೆಚ್ಚಿದರು. ಅದೇ ಟೀಪುವಿನ ದಂಡು ಒಂದು ಕಾಲದಲ್ಲಿ ಕಿತ್ತೂರನ್ನೂ ಹಿಡಿದಿದ್ದಿತು. ಆದರೆ ಕಿತ್ತೂರಿನ ಸಾಮಾನ್ಯ ಭಂಟನಿಗೆ ಕತ್ತಿ ಗುರಾಣಿಗಳು, ಬತ್ತಿಯ ಕೋವಿ, ಇವೇ ಆಯುಧ. ಪಿಸ್ತೂಲು ಎಂಬುದು ಸಾಹೇಬನ ಸೊಂಟದ ಒಡವೆ.

ಆ ಸಾಹೇಬನಿಗೂ ನಮ್ಮ ವರ್ತಕರ ಪ್ರಶ್ನೆಯೇ ಎದುರಾಗಿದ್ದಿತೆಂಬುದು ಗಮನಿಸತಕ್ಕ ವಿಷಯ. ಆಂಗ್ಲರ ಕುದುರೆಪಡೆಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ಎರಡು ಅಳತೆಗಳಿದ್ದವು. ಒಂದು ಪಿಸ್ತೂಲಿನ ಬೋರು, ಪೌಂಡಿಗೆ ಸುಮಾರು 34 ಗುಂಡು, ಒಂದೊಂದೂ ತೊಲಕ್ಕಿಂತ ಸ್ವಲ್ಪ ಹೆಚ್ಚು. ಇನ್ನೊಂದು ಕಾರ್ಬೈನಿನ ಬೋರು, ಪೌಂಡಿಗೆ ಸುಮಾರು 20, ಒಂದೊಂದೂ ಎರಡು ತೊಲದ ಹತ್ತಿರ. ಚಿಕ್ಕ ಗುಂಡಿನ ಪಿಸ್ತೂಲು ಕೈಗೆ ಹಗುರ, ಹಿಂದೊದೆತ ಕಡಮೆ. ಆದರೂ ಆ ಶತಮಾನದ ನಡುವಿನಲ್ಲಿ ಹಗುರ ಕುದುರೆಪಡೆಗೆ ಪಿಸ್ತೂಲು ಮಾಡಿಸುವಾಗ ದೊಡ್ಡ ಅಳತೆಯನ್ನೇ ಆರಿಸಿಕೊಂಡರು. ದೊಡ್ಡ ಗುಂಡು ಹೆಚ್ಚು ಕೊಲ್ಲುವುದೆಂಬುದೊಂದೇ ಕಾರಣವಲ್ಲ. ಸವಾರನ ಕಾರ್ಬೈನಿಗೂ ಪಿಸ್ತೂಲಿಗೂ ಒಂದೇ ಗುಂಡಾದರೆ ಒಂದೇ ಚೀಲ ಸಾಕು. ಚೀಲವೇ ನಳಿಗೆಯನ್ನು ಆರಿಸಿತು. ಮುಂದೆ ನಾವು ಹೇಳಬೇಕಾಗಿರುವ ಕಥೆಯಲ್ಲೆಲ್ಲ ಈ ಚೀಲ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಆದರೆ ಜನರ ಮನೆಗಳಲ್ಲಿ ಕೋವಿಗಳು ಉಳಿದಿದ್ದವು. ಅವುಗಳ ಮೇಲೆ ಸರಕಾರದ ಕೈ ಬಿದ್ದುದು 1857ರಲ್ಲಿ. ಆ ವರ್ಷದ ದಂಗೆಗೆ ಕಾಡತೂಸೇ ಕಿಡಿಯಾದುದನ್ನು ಶಾಲೆಯ ಮಕ್ಕಳೂ ಬಲ್ಲರು. .577 ಅಂಗುಲದ ಎನ್‌ಫೀಲ್ಡ್ ಕೋವಿಯ ಸುರುಳಿಗೀರುಗಳಲ್ಲಿ ಗುಂಡು ಬಿಗಿಯಾಗಿ ಇಳಿಯಬೇಕಾದರೆ ಕಾಡತೂಸಿಗೆ ಜಿಡ್ಡು ಬೇಕು. ಆ ಜಿಡ್ಡು ಯಾವುದರದೆಂಬ ಶಂಕೆ ಸಿಪಾಯಿಗಳನ್ನು ಕೆರಳಿಸಿತು. ದಂಗೆಯಿಂದ ಬೆದರಿದ ಸರಕಾರವು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಮಾಡಿ, ಆಯುಧಗಳನ್ನು ಒಪ್ಪಿಸಿ ಇಲ್ಲವೆ ನೋಂದಾಯಿಸಿರೆಂದು ಊರೂರಿಗೆ ಸಾರಿಸಿತು.

ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಗಾರನಿಂದ ಕೋವಿಯನ್ನು ಕಿತ್ತುಕೊಂಡರೆ ಅವನ ಕುಲವನ್ನೇ ಕಿತ್ತುಕೊಂಡಂತೆ ಎಂದು ಅವರು ಭಾವಿಸಿದರು. 1857ರ ನವೆಂಬರ್ ತಿಂಗಳ ಕೊನೆಯಲ್ಲಿ ದಂಡು ಬಂದು ಊರನ್ನು ಸುತ್ತಿ ಬೆಂಕಿಯಿಟ್ಟಿತು. ಸತ್ತವರು ಸತ್ತರು, ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಈ ಪ್ರಕರಣದ ಲಾವಣಿಯನ್ನು ಉತ್ತರ ಕರ್ನಾಟಕದಲ್ಲಿ ಕೇಳದವರಿಲ್ಲ. ಅದಾದ ಆರು ತಿಂಗಳಿಗೆ, 1858ರ ಮೇ ತಿಂಗಳಲ್ಲಿ, ದತ್ತಕವನ್ನು ನಿರಾಕರಿಸಿದುದರಿಂದಲೂ ಬೇರೆ ಅವಮಾನಗಳಿಂದಲೂ ನೊಂದಿದ್ದ ನರಗುಂದದ ಬಾಬಾಸಾಹೇಬನು ಎದ್ದನು. ಅವನ ಜನರು ರಾಮದುರ್ಗದ ಸೀಮೆಯ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟನಾದ ಮ್ಯಾನ್‌ಸನನನ್ನು ಕೊಂದರು. ಜೂನ್ ತಿಂಗಳಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಇತ್ತ ಕೊಡಗಿನವರಿಗೆ ಮಾತ್ರ, ಅವರ ನಿಷ್ಠೆಯನ್ನು ಮೆಚ್ಚಿ, 1861ರಲ್ಲಿ ಮಾರ್ಕ್ ಕಬ್ಬನ್ ಸಾಹೇಬನು ಈ ಕಾಯಿದೆಯಿಂದ ವಿನಾಯಿತಿ ಕೊಟ್ಟನು. ಒಂದೇ ಕನ್ನಡ ಮಾತನಾಡುವ ನೆಲದಲ್ಲಿ ಒಂದು ಕಡೆ ಕೋವಿ ಪೂಜೆಗೆ ಉಳಿಯಿತು, ಇನ್ನೊಂದು ಕಡೆ ಕೋವಿಗಾಗಿ ಊರು ಸುಟ್ಟಿತು. 1878ರ ಶಸ್ತ್ರ ಕಾಯಿದೆಯು ಈ ಭೇದವನ್ನು ಇನ್ನೂ ಬೆಳೆಸಿ, ಯೂರೋಪಿನವರಿಗೆ ಬೇಡದ ಪರವಾನೆಯನ್ನು ನಮ್ಮವರಿಗೆ ಬೇಕೇ ಬೇಕೆಂದು ಮಾಡಿತು. ಚರ್ಮದ ಬಣ್ಣದ ಈ ಲೆಕ್ಕ 1920ರ ನಿಯಮಗಳು ಬರುವವರೆಗೂ ನಡೆಯಿತು.

ಅಷ್ಟರಲ್ಲಿ ಕೈಕೋವಿಯ ಸ್ವರೂಪವೇ ಬದಲಾಗಿದ್ದಿತು. ತಿರುಗುವ ಉರುಳೆಯಲ್ಲಿ ಆರು ಹಿತ್ತಾಳೆಯ ಕಾಡತೂಸುಗಳನ್ನು ಹಿಡಿಯುವ ರಿವಾಲ್ವರು ಬಂದಿತು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಾರಖಾನೆಯ .455 ರಿವಾಲ್ವರನ್ನು ಬ್ರಿಟಿಷ್ ಸೈನ್ಯವು 1887ರಲ್ಲಿ ಸ್ವೀಕರಿಸಿತು. ಅದರ ಗುಂಡು ಹತ್ತಿರ ಹತ್ತಿರ ಒಂದೂವರೆ ತೊಲ. ನಿಧಾನವಾಗಿ ಹೋಗುವುದು, ಬಲವಾಗಿ ತಾಗುವುದು. ಆಗಿನ ಪದ್ಧತಿಯಲ್ಲಿ ಅಧಿಕಾರಿಗಳು ತಮ್ಮ ಕೈಕೋವಿಯನ್ನು ತಾವೇ ಹಣ ಕೊಟ್ಟು ಕೊಳ್ಳಬೇಕಾಗಿದ್ದಿತು. ಯಾವ ಮಾದರಿಯಾದರೂ ಆಗಬಹುದು; ಸರಕಾರಿ ಕಾಡತೂಸನ್ನು ಹಾರಿಸುವಂತಿರಬೇಕು. ಇಲ್ಲಿಯೂ ಚೀಲದ ಮಾತೇ ಗೆದ್ದಿತು.

ಈ ನಿಯಮದಿಂದ ಹೊರಗೆ ಹೋದ ಒಬ್ಬ ಗ್ರಾಹಕನನ್ನು ಹೇಳಬೇಕು. 1896ರಲ್ಲಿ ಬೆಂಗಳೂರಿನ ದಂಡಿಗೆ ಬಂದ ಕುದುರೆಪಡೆಯ ತರುಣ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ ಮುಂಬಯಿಯಲ್ಲಿ ದೋಣಿಯಿಂದ ಇಳಿಯುವಾಗ ಬಲಭುಜವನ್ನು ತಪ್ಪಿಸಿಕೊಂಡನು. ಆ ನೋವು ಅವನನ್ನು ಮತ್ತೆ ಪೂರ್ತಿಯಾಗಿ ಬಿಡಲಿಲ್ಲ. ಕತ್ತಿ ಬೀಸಲು ಭುಜದ ಮೇಲೆ ನಂಬಿಕೆಯಿಲ್ಲದುದರಿಂದ 1898ರಲ್ಲಿ ಸುಡಾನಿನ ಯುದ್ಧಕ್ಕೆ ಹೋಗುವಾಗ ಜರ್ಮನಿಯ ಮೌಸರ್ ಪಿಸ್ತೂಲನ್ನು ಕೊಂಡನು. ಅದರ ಗುಂಡು ಅರ್ಧ ತೊಲಕ್ಕಿಂತಲೂ ಕಡಮೆ, ಆದರೆ ವೇಗ ಬಹಳ, ಒಮ್ಮೆಗೆ ಹತ್ತು. ಓಮ್‌ಡರ್ಮಾನಿನ ಕಾಳಗದಲ್ಲಿ ಅದು ತನ್ನ ಪ್ರಾಣವನ್ನು ಉಳಿಸಿತೆಂದು ಅವನು ನಂಬಿದ್ದನು. ಗುಂಡಿನ ಅಗಲಕ್ಕಿಂತ ತನ್ನ ಭುಜದ ಸ್ಥಿತಿಯನ್ನು ನೋಡಿಕೊಂಡು ಆರಿಸಿದ ಈ ಬುದ್ಧಿ ನಮಗೆ ಮೆಚ್ಚುಗೆಯಾಗುತ್ತದೆ. ಆ ಮನುಷ್ಯನು ನಮ್ಮ ದೇಶದ ವಿಷಯದಲ್ಲಿ ಆಡಿದ ಮಾತುಗಳು ಮೆಚ್ಚುಗೆಯಾಗದಿದ್ದರೂ ಸರಿಯೆ.

ದೊಡ್ಡ ಗುಂಡೋ ಚಿಕ್ಕ ಗುಂಡೋ ಎಂಬ ವಾದ ಅಲ್ಲಿಂದ ಮುಂದೆ ನಿಲ್ಲಲೇ ಇಲ್ಲ. ಫಿಲಿಪೀನ್ಸಿನ ಯುದ್ಧದಲ್ಲಿ ತಮ್ಮ .38 ರಿವಾಲ್ವರುಗಳು ಎದುರಾಳಿಯನ್ನು ನಿಲ್ಲಿಸಲಿಲ್ಲವೆಂದು ಅಮೆರಿಕದವರು 1904ರಲ್ಲಿ ಷಿಕಾಗೋವಿನ ಕಸಾಯಿಖಾನೆಯಲ್ಲಿ ದನಗಳ ಮೇಲೆಯೂ, ಬೇರೆ ಕಡೆ ಹೆಣಗಳ ಮೇಲೆಯೂ ಪರೀಕ್ಷೆ ನಡೆಸಿ, .45ಕ್ಕಿಂತ ಚಿಕ್ಕದು ಬೇಡವೆಂದರು. ಬ್ರಿಟಿಷರು ಅದಕ್ಕೆ ವಿರುದ್ಧವಾಗಿ ನಡೆದರು. ಮೊದಲನೆಯ ಮಹಾಯುದ್ಧದಲ್ಲಿ ತರಾತುರಿಯಿಂದ ಶಿಕ್ಷಣ ಪಡೆದ ಜನ ಭಾರವಾದ .455ನ್ನು ಸರಿಯಾಗಿ ಹಿಡಿಯಲಾರರೆಂಬ ಅನುಭವದಿಂದ 1932ರಲ್ಲಿ .38 ಅಳತೆಯ ಎನ್‌ಫೀಲ್ಡ್ ರಿವಾಲ್ವರನ್ನು ತಂದರು. ಮೊದಲು ಅದರ ಗುಂಡು ತೊಲಕ್ಕೆ ಸ್ವಲ್ಪ ಮೇಲೆ. ಬರಿಯ ಸೀಸದ ಗುಂಡು ಹೇಗ್ ಒಪ್ಪಂದಕ್ಕೆ ವಿರೋಧವಾದೀತೆಂಬ ಶಂಕೆಯಿಂದ ಲೋಹದ ಕವಚ ತೊಡಿಸಿದ ಮೇಲೆ ಸರಿಯಾಗಿ ಒಂದು ತೊಲಕ್ಕೆ ಇಳಿಯಿತು. ಗುರಿ ತಪ್ಪಿದ ಒಂದೂವರೆ ತೊಲಕ್ಕಿಂತ ಗುರಿ ಮುಟ್ಟಿದ ಒಂದು ತೊಲ ಮೇಲೆಂಬುದು ಅವರ ತೀರ್ಮಾನ. ಅಮೆರಿಕದ ಕೇಂದ್ರ ತನಿಖಾಪಡೆಯೂ ಬಹಳ ಸುತ್ತಿ ಇದೇ ಕಡೆಗೆ ಬಂದಿತು. 1986ರಲ್ಲಿ ಮಿಯಾಮಿಯ ಬೀದಿಯಲ್ಲಿ ಅವರ ಇಬ್ಬರು ಸತ್ತ ಮೇಲೆ 9 ಮಿಲಿಮೀಟರನ್ನು ಬಿಟ್ಟು ದೊಡ್ಡ ಅಳತೆಗಳಿಗೆ ಹೋದರು; ಮೂವತ್ತು ವರ್ಷ ತುಂಬುವುದರೊಳಗೆ 9ಕ್ಕೇ ಹಿಂದಿರುಗಿದರು. ಹೊಸ ಕಾಲದ ಗುಂಡುಗಳಲ್ಲಿ ಅಂತರ ಅಷ್ಟಿಲ್ಲ, ಕೈಗೆ ಒಗ್ಗುವುದೇ ಮುಖ್ಯ ಎಂಬುದಾಗಿ ಅವರು ಕೊಟ್ಟ ಕಾರಣ.

ವರ್ತಕರು ಇದನ್ನೆಲ್ಲ ಕೇಳಿ, “ಹಂಗಾರ ಮೂವತ್ತೆಂಟರದ ತೊಗೊಳ್ಳೂಣ್ರಿ, ನಡುವಿಂದು” ಎಂದರು. ಅದು ಆಗದು ಎಂದು ನಾವು ಹೇಳಬೇಕಾಯಿತು. ಏಕೆಂದರೆ ನಮ್ಮ ದೇಶದಲ್ಲಿ ಸೈನ್ಯದ ಚೀಲಕ್ಕೂ ಪ್ರಜೆಯ ಚೀಲಕ್ಕೂ ನಡುವೆ ಒಂದು ಗೋಡೆಯಿದೆ.

ಆ ಗೋಡೆಯನ್ನು ಕಟ್ಟಿದವರು ಬ್ರಿಟಿಷರು. ಸೈನ್ಯದ ಉಗ್ರಾಣದಿಂದ ಕದ್ದ ಕಾಡತೂಸು ಹೊರಗಿನವರ ಕೋವಿಗೆ ಸಲ್ಲಕೂಡದೆಂಬುದು ಅವರ ಎಣಿಕೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ .450 ಅಳತೆಯ ರೈಫಲುಗಳನ್ನು ಅವರು ಇಂಡಿಯಾದಲ್ಲಿ ತಡೆದಾಗ, ಲಂಡನ್ನಿನ ಕೋವಿಗಾರರು ಹುಲಿಯ ಬೇಟೆಗೆ ಬರುವ ದೊರೆಗಳಿಗಾಗಿ .470 ಮೊದಲಾದ ಹೊಸ ಅಳತೆಗಳನ್ನೇ ಹುಟ್ಟಿಸಿದರು. ಕಾನೂನು ನಳಿಗೆಯನ್ನು ಕೊರೆದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಸ್ವತಂತ್ರ ಭಾರತವು ಬಣ್ಣದ ಭೇದವನ್ನು ಕಿತ್ತೊಗೆದರೂ ಈ ಗೋಡೆಯನ್ನು ಮಾತ್ರ ಉಳಿಸಿಕೊಂಡಿತು. 1959ರಲ್ಲಿ ಆಗಿ 1962ರ ಅಕ್ಟೋಬರ್ ಒಂದರಿಂದ ಜಾರಿಗೆ ಬಂದ ಶಸ್ತ್ರ ಕಾಯಿದೆಯ ಕೆಳಗೆ ಮಾಡಿದ ನಿಯಮಗಳಲ್ಲಿ .380, .455, ಸೈನ್ಯದ 9 ಮಿಲಿಮೀಟರು, .45 ಕಾಡತೂಸುಗಳನ್ನು ಹಾರಿಸಬಲ್ಲ ಕೈಕೋವಿಗಳೆಲ್ಲ ನಿಷಿದ್ಧ ಬೋರಿನ ಪಟ್ಟಿಯಲ್ಲಿ ಸೇರಿದವು. ಅವುಗಳಿಗೆ ಜಿಲ್ಲೆಯ ಅಧಿಕಾರಿಯ ಪರವಾನೆ ಸಾಲದು. ಹೀಗೆ ಒಂದು ಶತಮಾನ ಕಾಲ ಸೇನಾಪತಿಗಳು ವಾದಿಸಿದ ಅಳತೆಗಳೆಲ್ಲವೂ ಸಾಮಾನ್ಯ ಪ್ರಜೆಯ ಕೈಗೆ ಎಟುಕದೆ ಹೋದವು. ಅವನಿಗೆ ಬಹುಮಟ್ಟಿಗೆ ಉಳಿದುದು .32 ಮತ್ತು .22.

ಇದು ಸರಿಯೋ ತಪ್ಪೋ ಎಂಬುದರಲ್ಲಿ ಭಿನ್ನಾಭಿಪ್ರಾಯವುಂಟು. ಹಲಗಲಿಯನ್ನು ನೆನೆದಾಗ ನಮ್ಮ ಮನಸ್ಸು ಒಂದು ಕಡೆಗೆ ವಾಲುತ್ತದೆ. ಚುನಾವಣೆಯ ಕಾಲದಲ್ಲಿ ಪರವಾನೆಯುಳ್ಳ ರೈತರು ತಮ್ಮ ಕೋವಿಗಳನ್ನು ಬಟ್ಟೆಯಲ್ಲಿ ಸುತ್ತಿ ಠಾಣೆಗೆ ಒಯ್ದು ಇಟ್ಟು ರಸೀದಿ ಪಡೆದು ಬರುವುದನ್ನು ನೋಡಿದಾಗ ಇನ್ನೊಂದು ಕಡೆಗೆ ವಾಲುತ್ತದೆ. 1857ರಲ್ಲಿ ಕಿತ್ತುಕೊಂಡವರು ಹಿಂದಕ್ಕೆ ಕೊಡಲಿಲ್ಲ. ಇವರು ಮತದಾನ ಮುಗಿದ ಮೇಲೆ ಎಣಿಸಿ ಹಿಂದಕ್ಕೆ ಕೊಡುತ್ತಾರೆ. ಆ ರಸೀದಿಯ ಚೀಟಿಯನ್ನು ನಾವು ಸಣ್ಣದೆಂದು ಎಣಿಸಲಾರೆವು.

ಇನ್ನು ಉಳಿದ ಎರಡು ಅಳತೆಗಳ ಗುಣದೋಷ. ಕಾನಪುರದ ಸರಕಾರಿ ಕಾರಖಾನೆಯಲ್ಲಿ ತಯಾರಾಗುವ .32 ರಿವಾಲ್ವರು ವಾಸ್ತವವಾಗಿ ಹಳೆಯ ವೆಬ್ಲಿಯ ವಂಶದ್ದೇ. ನಿಷಿದ್ಧವಾದ ಅಳತೆಯನ್ನು ಬಿಟ್ಟು ಚಿಕ್ಕ ನಳಿಗೆಯನ್ನು ತೊಡಿಸಿಕೊಂಡು ಬಂದಿದೆ, ಅಷ್ಟೆ. 2014ರಲ್ಲಿ ಅದೇ ಕಾರಖಾನೆಯಿಂದ ಹೆಂಗಸರಿಗಾಗಿ ಎಂದು ಹೇಳಿ ‘ನಿರ್ಭೀಕ್’ ಎಂಬ ಹಗುರವಾದ .32 ಬಂದಿತು. ತೂಕ ಅರ್ಧ ಕಿಲೋಗ್ರಾಮಿನಷ್ಟು. ಬೆಲೆ ಲಕ್ಷ ರೂಪಾಯಿಗಳ ಮೇಲೆ. ಅಷ್ಟು ಹಣವುಳ್ಳ ಹೆಂಗಸಿಗೆ ಬೀದಿಯಲ್ಲಿ ರಾತ್ರಿ ಒಬ್ಬಳೇ ನಡೆಯುವ ಪ್ರಮೇಯ ಎಷ್ಟು ಬರುವುದೆಂದು ಆಗಲೇ ಕೆಲವರು ಕೇಳಿದರು; ಕೇಳಿದುದು ನ್ಯಾಯವೇ. ಆಮೇಲೆ ಇಷಾಪುರದ ರೈಫಲ್ ಕಾರಖಾನೆಯು .22 ಅಳತೆಯ ‘ನಿಡರ್’ ಎಂಬ ಇನ್ನೂ ಹಗುರವಾದ ರಿವಾಲ್ವರನ್ನು ತಂದಿತು.

.22ರ ಗುಂಡು ಕಾಲು ತೊಲವೂ ಇಲ್ಲ. ಹಿಂದೊದೆತ ಇಲ್ಲವೆಂದೇ ಹೇಳಬಹುದು, ಕಾಡತೂಸು ಅಗ್ಗ, ಹೊಸಬನು ಹೆದರದೆ ನೂರಾರು ಸಲ ಹೊಡೆದು ಕಲಿಯಬಹುದು. ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಅದರ ಕಾಡತೂಸು ಅಂಚಿನಲ್ಲಿ ಹೊತ್ತತಕ್ಕದ್ದು. ತೆಳುವಾದ ಅಂಚಿನೊಳಗೆ ಬೆಂಕಿಮದ್ದನ್ನು ಸವರಿರುವುದರಿಂದ ಎಲ್ಲಿಯಾದರೂ ಮದ್ದು ಹರಡದೆ ಹೋಗಿದ್ದರೆ ಸದ್ದಿಲ್ಲದೆ ತಪ್ಪಿಹೋಗುವುದು. ನಡುವೆ ಹೊತ್ತುವ ಕಾಡತೂಸಿನಲ್ಲಿ ಈ ತೊಂದರೆ ಕಡಮೆ. .32 ರಿವಾಲ್ವರಿನ ಗುಂಡು ಅರ್ಧ ತೊಲಕ್ಕೆ ಸ್ವಲ್ಪ ಮೇಲೆ. ಸೇನಾಪತಿಗಳ ಲೆಕ್ಕದಲ್ಲಿ ಅದೂ ದುರ್ಬಲವೇ; ಆದರೆ .22ರ ಎರಡರಷ್ಟಕ್ಕಿಂತ ಹೆಚ್ಚು ಭಾರ, ನಂಬಿಕೆಯೂ ಹೆಚ್ಚು. ಒದೆತವಂತೂ ಮುದುಕರೂ ತಾಳಬಹುದಾದಷ್ಟು. ಅದರ ಕಾಡತೂಸು ಪುಣೆಯ ಹತ್ತಿರದ ಖಡಕಿಯ ಕಾರಖಾನೆಯಲ್ಲಿಯೇ ತಯಾರಾಗುವುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. .32 ಎಂಬ ಹೆಸರಿನಲ್ಲಿಯೇ ಎರಡು ಜಾತಿಯ ಕಾಡತೂಸುಗಳಿವೆ. ರಿವಾಲ್ವರಿನದು ಅಂಚುಳ್ಳದ್ದು, ಉದ್ದವಾದುದು. ಇಷಾಪುರದ ‘ಅಶನಿ’ಯಂತಹ ತಾನೇ ತುಂಬಿಕೊಳ್ಳುವ ಪಿಸ್ತೂಲಿನದು ಗಿಡ್ಡವಾದುದು, ಗುಂಡೂ ಹಗುರ. ಒಂದನ್ನು ಇನ್ನೊಂದಕ್ಕೆ ಬಳಸಬಾರದು. ಹೆಸರು ಒಂದೇ ಎಂದು ನಂಬಿ ಕೊಂಡವನ ಗತಿ, ಕಿತ್ತೂರಿನ ಬಯಲಿನಲ್ಲಿ ಪಕ್ಕದವನ ಗುಂಡನ್ನು ಬೇಡಿ ಪಡೆದ ಭಂಟನ ಗತಿಯೇ.

ನಮ್ಮ ಅಭಿಪ್ರಾಯವನ್ನು ನಾವು ಮರೆಮಾಚಲಿಲ್ಲ. ಹೊಲದ ಹಂದಿಗಾಗಿ ಕೈಕೋವಿಯನ್ನು ಕೊಳ್ಳುವುದು ಹಣ ಚೆಲ್ಲುವ ಕೆಲಸ. ಅದಕ್ಕೆ ಹನ್ನೆರಡರ ಬೋರೇ ತಕ್ಕದ್ದು. ಗುರಿಯ ಆಟಕ್ಕಾದರೆ .22. ವರ್ತಕರು ಹೇಳಿದ ಉದ್ದೇಶಕ್ಕೆ, ಎರಡರಲ್ಲಿ ಒಂದನ್ನು ಹೇಳಲೇಬೇಕಾದರೆ, .32 ರಿವಾಲ್ವರು, ಅದೂ ತೀರ ಗಿಡ್ಡ ನಳಿಗೆಯದಲ್ಲ. ನಳಿಗೆ ಗಿಡ್ಡವಾದಷ್ಟೂ ಜೇಬಿಗೆ ಸುಖ, ಗುರಿಗೆ ಕಷ್ಟ. 2016ರ ನಿಯಮಗಳು ಪರವಾನೆ ಬೇಡುವವನು ಆಯುಧವನ್ನು ಕ್ಷೇಮವಾಗಿ ಬಳಸಲು ಶಿಕ್ಷಣ ಪಡೆದಿರಬೇಕೆಂದು ವಿಧಿಸಿವೆ. ಅದನ್ನು ಕಾಗದದ ಕೆಲಸವೆಂದು ತಿಳಿಯಬಾರದೆಂದು ಒತ್ತಿ ಹೇಳಿದೆವು. ಹಣದ ಚೀಲವನ್ನು ಸಾಧ್ಯವಾದಷ್ಟು ಬ್ಯಾಂಕಿನ ಮೂಲಕವೇ ಕಳುಹಿಸುವುದು ಇವೆಲ್ಲಕ್ಕಿಂತ ಸುಲಭವೆಂದೂ ಹೇಳಿದೆವು. ಅದಕ್ಕೆ ಅವರು ನಕ್ಕರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಮನೆಯಲ್ಲಿ ಯಾರು ಯಾರು ಇರುವರೆಂದು ನಾವು ಕೇಳಿದೆವು. ಹೆಂಡತಿ, ಮಗ, ಸೊಸೆ, ಏಳು ವರ್ಷದ ಮೊಮ್ಮಗ ಎಂದರು. ಕೋವಿಯನ್ನು ಎಲ್ಲಿಡುವಿರಿ ಎಂದಾಗ, “ದಿಂಬಿನ ಬುಡಕ ಇಡೋದ್ರಿ, ಮತ್ತೆಲ್ಲಿ?” ಎಂದವರು ಅಲ್ಲಿಗೇ ಮಾತು ನಿಲ್ಲಿಸಿದರು. ಸ್ವಲ್ಪ ಹೊತ್ತು ಕೋಟೆಯ ಬಾಗಿಲಿನ ಕಡೆಗೆ ನೋಡುತ್ತಿದ್ದರು. ಹಳೆಯ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಕಬ್ಬಿಣದ ಗುಂಡಿನ ಅಚ್ಚೊಂದು ಇತ್ತೆಂದೂ, ಕೋವಿ ಎಂದು ಹೋಯಿತೋ ಯಾರಿಗೂ ತಿಳಿಯದೆಂದೂ, ಮೊಮ್ಮಗನು ಅದನ್ನು ಎಳೆದುಕೊಂಡು ಬಂದು ಅಡಕೆ ಒಡೆಯುವ ಆಟಕ್ಕೆ ಹಚ್ಚಿಕೊಂಡಿರುವನೆಂದೂ ಹೇಳಿದರು. “ಅಟ್ಟದ ಮ್ಯಾಲಿಂದನ್ನ ತಗದಾನ್ರಿ ಅಂವ. ದಿಂಬಿನ ಬುಡಕಿಂದು ಬಿಡ್ತಾನೇನು?”

ಅನಂತರ ಜೇಬಿನಿಂದ ಲೆಕ್ಕದ ಸಣ್ಣ ಪುಸ್ತಕವನ್ನು ತೆಗೆದು ಬರೆದುಕೊಂಡರು. ಮೊದಲನೆಯ ಸಾಲಿನಲ್ಲಿ ಗೋಡೆಗೆ ಬಿಗಿಯುವ ಕಬ್ಬಿಣದ ತಿಜೋರಿ, ಎರಡು ಬೀಗ, ಎರಡನೆಯ ಸಾಲಿನಲ್ಲಿ ಗುರಿಯ ಶಿಕ್ಷಣ, ಮೂರನೆಯದರಲ್ಲಿ.32 ಎಂದು ಬರೆದು, ಅದರ ಮುಂದೆ ಒಂದು ಪ್ರಶ್ನೆಯ ಚಿಹ್ನೆಯನ್ನು ಹಾಕಿದರು. ಬೈಲಹೊಂಗಲದ ಬಸ್ಸಿಗೆ ಹೊತ್ತಾಗಿದ್ದುದರಿಂದ ನಾವು ಎದ್ದೆವು.